ನಕಲುಗಾರನ ಉಗುರು

ಮಾರ್ಚ್ ೪

ಗುಬ್ಬೀ,

ನಿನ್ನ ಪತ್ರ ಬಂತು. ನಾಲ್ಕು ಸಾಲು ಓದಿ ಮಡಿಸಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಉಳಿದದ್ದನ್ನು ಓದಿದೆ. ತಪ್ಪು ನಿನ್ನದಲ್ಲ. ಆ ಮನುಷ್ಯನ ವಿಷಯ ಕಾಗದದ ಮೇಲೆ ಕಂಡರೆ ನನಗೆ ಇವತ್ತಿಗೂ ಬೆರಳು ಅಂಟಂಟು ಅನ್ನಿಸುತ್ತದೆ.

ದೊಡ್ಡವರು ತೀರಿಕೊಂಡು ಇಪ್ಪತ್ತೈದು ವರ್ಷ ತುಂಬುತ್ತದೆ, ನಿಮ್ಮ ಪ್ರೆಸ್ಸಿನವರು ಅವರ ಅಷ್ಟೂ ಸಂಗೀತವನ್ನು ಒಂದೇ ಪುಸ್ತಕ ಮಾಡುತ್ತಾರೆ, ಸಂಪಾದಕಿ ಅಂತ ಮೊದಲ ಪುಟದಲ್ಲಿ ನಿನ್ನ ಹೆಸರು ಬರುತ್ತದೆ. ಸಂತೋಷ. ನಿಮ್ಮಮ್ಮ ಇದ್ದಿದ್ದರೆ ಬೀದಿಯ ಉದ್ದಕ್ಕೂ ಹೇಳಿಕೊಂಡು ಬರುತ್ತಿದ್ದಳು. ಅಕ್ಕನಿಗೆ ಆ ಬಾಯಿ ಇತ್ತು. ನನ್ನ ಬಾಯಿ ಅದರ ಅರ್ಧ ಅಂತ ಊರೆಲ್ಲ ಹೇಳುತ್ತದೆ, ನೋಡು, ಎಷ್ಟು ಅನ್ಯಾಯ.

"ಅವರ ಪಕ್ಕದಲ್ಲಿ ಹನ್ನೊಂದು ವರ್ಷ ಕೂತು ಸ್ವರಲಿಪಿ ನಕಲು ಮಾಡಿದವರು ನೀವು, ಸವಿನೆನಪು ಬರೆದು ಕಳಿಸಿ ಮಾವ" ಅಂದಿದ್ದೀಯ. ಸವಿನೆನಪು ತಾನೇ? ಬರೆದುಕೋ.

ಕಾಲು ತಣ್ಣಗಾದರೆ ನಿಮ್ಮ ದೊಡ್ಡವರ ತಲೆ ಓಡುವುದಿಲ್ಲ. ಹಾಗಾಗಿ ಬರೆಯುವಷ್ಟು ಹೊತ್ತೂ ಮೇಜಿನ ಕೆಳಗೆ ಬಿಸಿನೀರಿನ ಬೋಗುಣಿ, ಅದರಲ್ಲಿ ಅವನ ಎರಡೂ ಪಾದ. ಗಂಟೆಗೊಮ್ಮೆ ಹೆಂಡತಿ ಬಂದು ಬಗ್ಗಿ ನೀರು ಬದಲಾಯಿಸಬೇಕು. ನೆನೆದು ನೆನೆದು ಹಿಮ್ಮಡಿಯ ಚರ್ಮ ಸುಲಿದು ನೀರಿನ ಮೇಲೆ ತೇಲುತ್ತಿತ್ತು. ಬೇಸರವಾದಾಗ ಅದನ್ನೇ ಎತ್ತಿ ಉಂಡೆ ಮಾಡಿ ಮೇಜಿನ ಅಡಿಗೆ ಅಂಟಿಸುತ್ತಿದ್ದ. ಆ ಮೇಜನ್ನೀಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ನೋಡಲು ಹೋದರೆ ಕೆಳಗಡೆ ಮಾತ್ರ ಕೈ ಹಾಕಬೇಡ.

ಬಲಗೈಯಲ್ಲಿ ಬರೆಯುವುದು, ಎಡಗೈಯಲ್ಲಿ ಹುರಿದ ಮೀನು ತಿನ್ನುವುದು, ಎರಡೂ ಒಟ್ಟಿಗೆ. ಆಗಾಗ ನನ್ನನ್ನು ಕರೆದು ಬೆನ್ನು ತಟ್ಟುತ್ತಿದ್ದ. ಮೆಚ್ಚಿಕೊಂಡ ಅಂತ ಮೊದಲ ತಿಂಗಳು ಉಬ್ಬಿದ್ದೆ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಗೊತ್ತಾಯಿತು, ಕೈ ಒರೆಸಿಕೊಂಡದ್ದು. ತೇಗಿದರೆ ಅದು ಯಾವ ಸ್ವರ ಅಂತ ನನಗೆ ಹೇಳುತ್ತಿದ್ದ. ಯಾರಾದರೂ ಸೀನಿದರೆ "ಸ್ವಲ್ಪ ಕೆಳಗಾಯ್ತು" ಅನ್ನುತ್ತಿದ್ದ. ಬಹುವಚನ ನಿಮ್ಮ ಪ್ರೆಸ್ಸಿಗೆ ಇರಲಿ, ನನ್ನ ಕೈಗೆ ಅವನು ಹೀಗೇ ಬರುತ್ತಾನೆ.

ಇನ್ನು ನನ್ನ ಬಗ್ಗೆ, ಅದು ಮುಖ್ಯ. ಓದಿದ್ದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸು. ಮೇಷ್ಟ್ರು ಒಬ್ಬರು, ಕೋಣೆ ಒಂದು, ಆದರೆ ಅಕ್ಷರ ಮಾತ್ರ ಅಚ್ಚಿಗೆ ನಾಚಿಕೆಯಾಗುವ ಹಾಗೆ. ಅವನ ಮನೆಗೆ ಕೆಲಸ ಕೇಳಿಕೊಂಡು ಹೋದಾಗ ನಡೆದ ಮಾತು ಇಷ್ಟೇ.

"ಹಾಡೋಕೆ ಬರುತ್ತಾ?"

"ಇಲ್ಲ."

"ಸ್ವರ ಓದೋಕೆ?"

"ಇಲ್ಲ. ಗೆರೆ, ಚುಕ್ಕೆ, ಬಾಲ, ಕಂಡದ್ದನ್ನ ಕಂಡ ಹಾಗೆ ಬರೀತೀನಿ."

"ನಾಳೆಯಿಂದ ಬಾ. ಸಂಗೀತ ಗೊತ್ತಿರೋ ನಕಲುಗಾರ ತಿದ್ದೋಕೆ ಹೋಗ್ತಾನೆ. ನನಗೆ ತಿದ್ದೋನು ಬೇಡ."

ಆದರೆ ಕಂಡ ಹಾಗೆ ಬರೆಯುವುದು ಆ ಮನೆಯಲ್ಲಿ ಸುಲಭವಾಗಿರಲಿಲ್ಲ. ಅವನ ಪುಟದಲ್ಲಿ ಸ್ವರಕ್ಕಿಂತ ಕೊಳೆ ಜಾಸ್ತಿ. ಮೀನಿನ ಕರಕಲು, ನೊಣ, ಮೂಗಿನದು, ಕಿವಿಯದು. ಅವನ ಸ್ವರಲಿಪಿ ಅಂದರೆ ಐದೈದು ಅಡ್ಡಗೆರೆ, ಅದರ ಮೇಲೆ ಬಾಲವಿರುವ ಚುಕ್ಕೆ; ಈ ಕೊಳೆಯೂ ಅಲ್ಲಿ ಸ್ವರದ ಹಾಗೇ ಕೂತಿರುತ್ತಿತ್ತು. ಅದಕ್ಕೆ ನಾನು ಒಂದು ಪರೀಕ್ಷೆ ಕಂಡುಹಿಡಿದೆ. ಎಡಗೈ ಹೆಬ್ಬೆರಳಿನ ಉಗುರು ಉದ್ದ ಬೆಳೆಸಿ, ಅನುಮಾನ ಬಂದ ಪ್ರತಿ ಚುಕ್ಕೆಯನ್ನೂ ಗೀರಿ ನೋಡುವುದು. ಮಸಿಯಾದರೆ ನಿಲ್ಲುತ್ತದೆ, ಕೊಳೆಯಾದರೆ ಎದ್ದು ಬರುತ್ತದೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಕೊಳೆ ನನ್ನ ನಕಲಿಗೆ ದಾಟಲಿಲ್ಲ. ಇನ್ನೊಂದು ನೇಮ ಇತ್ತು: ಹಿಡಿದ ಪುಟವನ್ನು ಅರ್ಧಕ್ಕೆ ಬಿಟ್ಟು ಏಳುವವನಲ್ಲ. ಎದ್ದು ಬಂದು ಕೂತರೆ ಕೈ ಬದಲಾಗುತ್ತದೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೊಂದುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಪುಟ ಮುಗಿಸಿಯೇ ಏಳುವುದು.

ಇದನ್ನೆಲ್ಲ ಹಾಕು. ಅವನ ಕಾಲಿನ ವಿಷಯ ಬೇಕಾದರೆ ಬಿಡು.

ನಾಲ್ಕನೇ ಕ್ಲಾಸಿನಲ್ಲೇ ಜಗತ್ತು ಗೆದ್ದ,
ನಿನ್ನ ಮಾವ


ಮಾರ್ಚ್ ೧೯

ಮಾವನಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮಧ್ಯಾಹ್ನ ಊಟ ಮಾಡಲಾಗಲಿಲ್ಲ. ಇದನ್ನು ಮುನ್ನುಡಿಗೆ ಕೊಟ್ಟರೆ ನಮ್ಮ ಮುಖ್ಯಸ್ಥರು ನನ್ನನ್ನು ಮನೆಗೆ ಕಳಿಸುತ್ತಾರೆ. ಅವರು ಆಗಲೇ ಮುನ್ನುಡಿ ಬರೆದು ಇಟ್ಟಿದ್ದಾರೆ.

ನನಗೀಗ ಬೇರೆಯೇ ತೊಂದರೆ. ಮಗಳು ತೀರಿಕೊಂಡ ವಾರ ದೊಡ್ಡವರು ಬರೆದರು ಅನ್ನುವ ಆ ನಿಧಾನದ ಭಾಗ ನಿಮಗೆ ಗೊತ್ತಲ್ಲ. ಕೊನೆಯ ಸಾಲಿಗಿಂತ ಒಂದು ಸಾಲು ಮುಂಚೆ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಆ ಮೌನದಲ್ಲಿ ಒಂದೇ ಒಂದು ತಂತಿ, ಮೇಲಿನ ಒಂದು ಸ್ವರ ನುಡಿದು ನಿಲ್ಲುತ್ತದೆ. ಸಭೆಯಲ್ಲಿ ಅಲ್ಲಿಗೆ ಜನ ಅಳುತ್ತಾರೆ. ಮುನ್ನುಡಿಯಲ್ಲಿ ಅದರ ಬಗ್ಗೆಯೇ ಎರಡು ಪುಟ ಇದೆ: "ಒಬ್ಬ ತಂದೆಯ ಬಿಕ್ಕು."

ಮಾವ, ದೊಡ್ಡವರ ಹಸ್ತಪ್ರತಿಯಲ್ಲಿ ಆ ಸ್ವರ ಇಲ್ಲ. ನಿಮ್ಮ ನಕಲಿನಲ್ಲಿದೆ. ಹಸ್ತಪ್ರತಿಯ ಆ ಜಾಗದಲ್ಲಿ ಇರುವುದು ಒಂದು ಕಂದು ಗುರುತು, ಅದರ ಮೇಲೆ ಅಡ್ಡಕ್ಕೆ ಒಂದು ಉಗುರಿನ ಗೀರು. ಗೀರಿ ನೋಡಿದ್ದರೆ ಅದು ಮಸಿಯಲ್ಲ ಅಂತ ನಿಮಗೆ ತಿಳಿದಿರಬೇಕು. ಆದರೂ ಯಾಕೆ ಬರೆದಿರಿ?

ಇದು ನನ್ನ ಮೊದಲ ಪುಸ್ತಕ. ಆ ಸಾಲಿನ ಕೆಳಗೆ ನಾನೊಂದು ಟಿಪ್ಪಣಿ ಹಾಕಲೇಬೇಕು. ನಿಜ ಬರೆಯಿರಿ.

ನಿಮ್ಮ
ಗುಬ್ಬಿ


ಮಾರ್ಚ್ ೨೭

ಗುಬ್ಬೀ,

ಕೊನೆಗೂ ಒಬ್ಬರು ಕೇಳಿದರು! ಕೂತುಕೋ. ಕೂತಿದ್ದರೆ ಕುರ್ಚಿ ಹಿಡಿದುಕೋ. ಆ ಸ್ವರ ಕಟ್ಟಿದ್ದು ನಿನ್ನ ಮಾವ.

ಹೌದು, ಗೀರಿದೆ. ಕೊಳೆ ಅಂತ ಗೊತ್ತಾಯಿತು. ಆದರೆ ಆ ಜಾಗ ನೋಡಿದೆ. ಎಲ್ಲ ಖಾಲಿ ಖಾಲಿ, ಬಾಯಿ ತೆರೆದು ಕೂತ ಹಾಗೆ. ಏನೋ ಒಂದು ಬೇಕು ಅನ್ನಿಸಿತು, ಹಾಕಿದೆ. ನಾಲ್ಕನೇ ಕ್ಲಾಸಿನವನು ಹಾಕಿದ ಚುಕ್ಕೆಗೆ ಜಗತ್ತು ಮೂವತ್ತೆರಡು ವರ್ಷದಿಂದ ಕರವಸ್ತ್ರ ಒದ್ದೆ ಮಾಡಿಕೊಳ್ಳುತ್ತಿದೆ. ಟಿಪ್ಪಣಿ ಹಾಕು. ನನ್ನ ಹೆಸರು ಪೂರ್ತಿ ಹಾಕು, ತಂದೆಯ ಹೆಸರೂ ಸೇರಿಸಿ. ಅಕ್ಷರ ಸಣ್ಣದಾಗದಂತೆ ನೋಡಿಕೋ.

ತಂದೆಯ ಬಿಕ್ಕಂತೆ, ಥೂ! ಆ ತಂದೆಯ ಕಥೆ ಕೇಳು. ಮಗಳು ಪುಟ್ಟಿಗೆ ಆಗ ಐದು ವರ್ಷ. ಎದೆಯಲ್ಲಿ ಕಫ ಕಟ್ಟಿ ಕೆಮ್ಮು ಹತ್ತಿತು. ಮಲಗುವ ಕೋಣೆ ಅವನು ಬರೆಯುವ ಕೋಣೆಯ ಪಕ್ಕವೇ. ಮೊದಲ ದಿನ ಅವನು ಸ್ವರ ಹೊಂದಿಸುವ ಕಬ್ಬಿಣದ ಕವೆ ತೆಗೆದುಕೊಂಡು ಮಗುವಿನ ಬಾಗಿಲಲ್ಲಿ ನಿಂತ. ಕೆಮ್ಮಿದಾಗಲೆಲ್ಲ ಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿಯುವನು. ಆಮೇಲೆ ಹೆಂಡತಿಯನ್ನು ಕರೆದು, "ಇವಳ ಕೆಮ್ಮು ನನ್ನ ಸ್ವರಕ್ಕಿಂತ ಅರ್ಧ ಕೆಳಗಿದೆ. ತಲೆ ಕೆಡುತ್ತೆ. ಹಿಂದಿನ ಕೋಣೆಗೆ ಹಾಕು" ಅಂದ.

ಹಿಂದಿನ ಕೋಣೆ ಅಂದರೆ ಇದ್ದಿಲು ಇಡುವ ಕೋಣೆ. ಕಿಟಕಿ ಇಲ್ಲ. ಗೋಡೆ ಮುಟ್ಟಿದರೆ ಕೈ ಕಪ್ಪು. ಎದೆಯಲ್ಲಿ ಕಫ ಇರುವ ಮಗುವನ್ನು ಇದ್ದಿಲಿನ ಪುಡಿಯ ನಡುವೆ ಮಲಗಿಸಿ, ಈ ಕಡೆ ಕಾಲು ನೆನೆಸಿಕೊಂಡು, ಮೀನು ತಿಂದುಕೊಂಡು ಅವನು ಆ ಸಂಗೀತ ಬರೆದ. ಮಗಳು ಹೋದಳು ಅಂತ ಬರೆದದ್ದಲ್ಲ ಕಣೇ, ಅವಳು ಇರುವಾಗಲೇ ಬರೆದದ್ದು. ಅವಳ ಕೆಮ್ಮು ಕೇಳಿಸದ ಹಾಗೆ ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿ ಬರೆದದ್ದು. ಹಂದಿಯ ಜೊತೆ ಹೋಲಿಸಬಹುದಿತ್ತು, ಆದರೆ ಹಂದಿ ತನ್ನ ಮರಿಯನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತದೆ.

ನಾನೇನು ಮಾಡಲಿ, ಕೆಲಸಕ್ಕೆ ಬಂದವನು.

ಟಿಪ್ಪಣಿ ಮರೆಯಬೇಡ.

ಆ ಸ್ವರದ ಅಪ್ಪ,
ನಿನ್ನ ಮಾವ


ಏಪ್ರಿಲ್ ೨೨

ಮಾವನಿಗೆ ನಮಸ್ಕಾರ.

ನಿಮ್ಮ ಮಾತನ್ನೇ ಟಿಪ್ಪಣಿ ಮಾಡಿ ಕೊಡುವವಳಿದ್ದೆ. ಕೊಡುವ ಮುಂಚೆ ಎರಡು ಕೆಲಸ ಮಾಡಿದೆ.

ಆ ಕಂದು ಗುರುತನ್ನು ದೊಡ್ಡ ಭೂತಗನ್ನಡಿಯಲ್ಲಿ ನೋಡಿದೆ. ಕಾಗದದ ನಾರಿಗೆ ಸಿಕ್ಕಿಕೊಂಡು ಒಂದು ಚೂರು ರೆಕ್ಕೆ ಇದೆ. ಅದು ನೊಣ.

ಆಮೇಲೆ ದೊಡ್ಡವರ ಹೆಂಡತಿಯನ್ನು ನೋಡಲು ಹೋದೆ. ಒಂದು ಹೊಲಿಗೆ ಅಂಗಡಿಯ ಮೇಲೆ ಎರಡು ಕೋಣೆಯಲ್ಲಿದ್ದಾರೆ. ಕೆಳಗೆ ಯಂತ್ರಗಳ ಸದ್ದು ದಿನವಿಡೀ. "ಸದ್ದಿರೋ ಮನೆಯೇ ಬೇಕು ಅಂತ ಹುಡುಕಿ ಬಂದೆ" ಅಂದರು. ಸಂಗೀತ ಸಭೆಗೆ ಕರೆದಾಗೆಲ್ಲ ಅವರು ಆ ನಿಧಾನದ ಭಾಗ ಶುರುವಾಗುವ ಮುಂಚೆ ಎದ್ದು ಹೊರಗೆ ಹೋಗುತ್ತಾರೆ. ದುಃಖ ತಡೆಯಲಾರದೆ ಅಂತ ಎಲ್ಲರೂ ದಾರಿ ಬಿಡುತ್ತಾರೆ. ನಾನೂ ಹಾಗೇ ತಿಳಿದಿದ್ದೆ.

ಉಗುರಿನ ಗೀರಿನ ವಿಷಯ ಕೇಳಿದೆ. ಅವರು ನಕ್ಕರು ಮಾವ, ಒಳ್ಳೆಯ ನಗು ಅಲ್ಲ.

"ಅದನ್ನ ಗೀರಿದ್ದು ನಿಮ್ಮ ಮಾವ ಅಲ್ಲಮ್ಮ. ನಮ್ಮೆಜಮಾನರು. ಎಲ್ಲ ಮುಗಿದ ಮೇಲೆ. ನಾನು ನೀರು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ."

"ಹಾಗಾದ್ರೆ ಮಾವ ಗೀರೇ ಇಲ್ವಾ?"

"ಅವನನ್ನೇ ಕೇಳು. ಪುಟ ಮುಗೀತಾ ಅಂತ ಕೇಳು."

ಅಷ್ಟು ಹೇಳಿ ಹೊಲಿಗೆಯ ಸದ್ದು ಕೇಳುತ್ತಾ ಕೂತರು.

ಹನ್ನೊಂದು ವರ್ಷ ಒಂದೇ ಒಂದು ಕೊಳೆ ದಾಟಿಲ್ಲ ಅಂದಿರಿ. ಹಾಗಿದ್ದರೆ ಅವತ್ತೊಂದು ದಿನ ಉಗುರು ಯಾಕೆ ಹಾಕಲಿಲ್ಲ?

ನಿಮ್ಮ
ಗುಬ್ಬಿ


ಏಪ್ರಿಲ್ ೩೦

ಗುಬ್ಬಿಗೆ,

ದವಡೆ ಹಲ್ಲು ನೋವು. ಹೆಚ್ಚು ಬರೆಯಲಾರೆ.

ಆಕೆಗೆ ವಯಸ್ಸಾಗಿದೆ. ಮರೆವು ಇರುತ್ತದೆ. ನೀನು ಹೀಗೆ ಮೆಟ್ಟಿಲು ಹತ್ತಿಕೊಂಡು ಹೋಗಿ ಮುದುಕಿಯರನ್ನು ಕೆದಕುವುದು ಸರಿಯಲ್ಲ.

ಆ ಸ್ವರ ತೆಗೆದುಬಿಡು. ನನ್ನ ಹೆಸರು ಬೇಡ. ಅಚ್ಚಿನಲ್ಲಿ ಬರುವ ಆಸೆ ಈ ವಯಸ್ಸಿಗೆ ಚಂದವಲ್ಲ.

ಮಾವ


ಜುಲೈ ೨

ಮಾವ,

ಎರಡು ತಿಂಗಳಿನಲ್ಲಿ ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಹಲ್ಲು ನೋವಿಗೆ ಇಷ್ಟು ದಿನ ಬೇಡ.

ಆಗಸ್ಟ್ ಕೊನೆಗೆ ನನ್ನ ಪ್ರತಿ ಅಚ್ಚಿಗೆ ಹೋಗಬೇಕು. ಸ್ವರ ತೆಗೆದರೆ ಯಾಕೆ ತೆಗೆದೆ ಅಂತ ಬರೆಯಬೇಕು. ಇಟ್ಟರೆ ಯಾರದು ಅಂತ ಬರೆಯಬೇಕು. ಮುಖ್ಯಸ್ಥರು "ಬಿಕ್ಕು ಅಂತಲೇ ಇರಲಿ, ನಿನಗ್ಯಾಕೆ" ಅನ್ನುತ್ತಿದ್ದಾರೆ. ಗೊತ್ತಿದ್ದೂ ಸುಳ್ಳಿನ ಮೇಲೆ ನನ್ನ ಹೆಸರು ಹಾಕಿಸಿಕೊಳ್ಳಲಾರೆ. ಹಾಗಾದರೆ ಪುಸ್ತಕವನ್ನು ಬೇರೆಯವರಿಗೆ ಒಪ್ಪಿಸಿ ಎದ್ದು ಬರುತ್ತೇನೆ.

ಅಕ್ಷರ ತಿದ್ದಿಸಿದವರು ನೀವು. ಕಂಡದ್ದನ್ನು ಕಂಡ ಹಾಗೆ ಬರೆ ಅಂತ ನನ್ನ ಬೆರಳು ಹಿಡಿದು ಹೇಳಿದವರೂ ನೀವೇ.

ಗುಬ್ಬಿ


ಆಗಸ್ಟ್ ೧೭

ಗುಬ್ಬೀ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಅಕ್ಷರ ಒಂದೇ ಸಮ ಇಲ್ಲ. ನಡುನಡುವೆ ಎದ್ದು ಹೋಗಿದ್ದೇನೆ.

ಅವತ್ತು ಮಧ್ಯಾಹ್ನ ಮೂರು ಗಂಟೆ. ಅವನು ಕೊನೆಯ ಪುಟ ಬರೆದು ನನ್ನ ಕಡೆ ಎಸೆದ. ತಟ್ಟೆಯಲ್ಲಿ ಮೀನು, ಮೀನಿಗೆ ನೊಣ. ಕೈಗೆ ಸಿಕ್ಕ ನೊಣವನ್ನು ಎದುರಿಗಿರುವ ಕಾಗದದ ಮೇಲೇ ಹೆಬ್ಬೆರಳಲ್ಲಿ ಒತ್ತಿ ಕೊಲ್ಲುವುದು ಅವನ ಅಭ್ಯಾಸ. ಕೊಂದು ಗಟ್ಟಿಯಾಗಿ ಎಣಿಸುವನು. ಅವತ್ತು ಹದಿನಾರೋ ಹದಿನೇಳೋ ಆಗಿತ್ತು. ನಾನು ಪುಟದ ಮೇಲರ್ಧ ಮುಗಿಸಿದ್ದೆ, ಚೆನ್ನಾಗಿ ಬಂದಿತ್ತು.

ಅಮ್ಮನವರು ಬಾಗಿಲಿಗೆ ಬಂದರು. ಪುಟ್ಟಿಯನ್ನು ಎತ್ತಿಕೊಂಡಿದ್ದರು. ಮಗುವಿನ ಕೂದಲಿನಲ್ಲಿ ಇದ್ದಿಲಿನ ಪುಡಿ, ತುಟಿ ನೀಲಿ. ಕೆಮ್ಮುವುದನ್ನೂ ಬಿಟ್ಟಿತ್ತು.

"ಅಣ್ಣಾ, ಡಾಕ್ಟರನ್ನ ಕರ್ಕೊಂಡು ಬನ್ನಿ. ಎರಡು ಬೀದಿ ಆಚೆ ಅಷ್ಟೇ. ಬೇಗ."

ಗಂಡನನ್ನು ಕೇಳಲಿಲ್ಲ. ಬೋಗುಣಿಯಿಂದ ಕಾಲು ತೆಗೆಯುವವನಲ್ಲ ಅಂತ ಅವರಿಗೆ ಗೊತ್ತಿತ್ತು. ನನ್ನನ್ನು ಕೇಳಿದರು.

"ಪುಟ ಮುಗಿಸಿ ಏಳು" ಅಂತ ಅವನು ಗದರಿದ, ಹಾಗಾಗಿ ಕೂತೆ ಅಂತ ನಿಮ್ಮಮ್ಮನಿಗೆ ಹೇಳಿದ್ದೆ. ಅವಳು ಅದನ್ನೇ ನಂಬಿಕೊಂಡು ಸತ್ತಳು. ಅವನು ಏನೂ ಹೇಳಲಿಲ್ಲ ಗುಬ್ಬೀ. ಹಲ್ಲಿನ ಸಂದಿಯಿಂದ ಮುಳ್ಳು ಕೀಳುತ್ತಿದ್ದ, ತಲೆ ಕೂಡ ಎತ್ತಲಿಲ್ಲ. "ಬಂದೆ ಅಮ್ಮಾ, ಈ ಪುಟ ಮುಗೀತು" ಅಂದವನು ನಾನೇ.

ಏಳು ಸಾಲು ಬಾಕಿ ಇತ್ತು. ಎದ್ದರೆ ಕೈ ಬದಲಾಗುತ್ತದೆ ಅನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಆಕೆ ಹೋಗಲಿಲ್ಲ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತರು. ನನ್ನ ಲೇಖನಿಯನ್ನೇ ನೋಡುತ್ತಿದ್ದರು. ನನಗೆ ಅವಸರವಾಯಿತು. ಆರನೆಯ ಸಾಲಿನಲ್ಲಿ ಆ ಚುಕ್ಕೆ ಇತ್ತು, ಕಾಲು ಕೆಳಕ್ಕೆ ಚಾಚಿಕೊಂಡು, ಥೇಟು ಸ್ವರದ ಬಾಲದ ಹಾಗೆ. ಗೀರಲು ಹೊತ್ತಿಲ್ಲ ಅಂತ ಅದನ್ನೂ ಬರೆದೆ. ನೋಡು ಎಂಥ ಲೆಕ್ಕ! ಒಂದು ಚುಕ್ಕೆ ಗೀರಲು ಹೊತ್ತಿಲ್ಲ, ಏಳು ಸಾಲು ಬರೆಯಲು ಹೊತ್ತಿದೆ.

ಹನ್ನೆರಡು ನಿಮಿಷ ಹಿಡಿಯಿತು. ಆಮೇಲೆ ಮಸಿ ಒಣಗಲಿ ಅಂತ ಪುಟವನ್ನು ಅಗಲ ಬಿಟ್ಟು, ಅದು ಹಾರದ ಹಾಗೆ ಭಾರ ಇಟ್ಟು, ಓಡಿದೆ.

ಡಾಕ್ಟರು ಬಂದರು. ಮಗುವಿನ ಕೈ ಹಿಡಿದರು, ಗೋಡೆಯ ಗಡಿಯಾರ ನೋಡಿದರು, "ಯಾವಾಗಿಂದ ಹೀಗೆ?" ಅಂದರು. ಅಮ್ಮನವರು ನನ್ನ ಬೆರಳು ನೋಡಿದರು. ಮಸಿ ಇನ್ನೂ ಹಸಿಯಾಗಿತ್ತು. ಡಾಕ್ಟರು ಕೈಯನ್ನು ಕೆಳಗಿಟ್ಟರು. ಹನ್ನೆರಡು ನಿಮಿಷ ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಅಂತ ನಾನು ಕೇಳಲಿಲ್ಲ. ಇವತ್ತಿಗೂ ಯಾರನ್ನೂ ಕೇಳಿಲ್ಲ.

ಮೂರು ವಾರವಾದ ಮೇಲೆ ತಾಲೀಮು. ಆ ಜಾಗ ಬಂತು, ಎಲ್ಲ ನಿಂತಿತು, ಒಂದು ತಂತಿ ನುಡಿಯಿತು. ಅವನು ಬೆಚ್ಚಿ ತಲೆ ಎತ್ತಿದ. ನುಡಿಸುವವರು ವಾದ್ಯ ಕೆಳಗಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಬ್ಬ ಹಿರಿಯ ವಾದ್ಯಗಾರ ಬಂದು ಅವನ ಕೈ ಹಿಡಿದು "ಮಗುವಿಗಾಗಿ ಅಲ್ವಾ?" ಅಂದ. ಇವನು "ಹೌದು" ಅಂದ.

ಮನೆಗೆ ಬಂದು ಬೋಗುಣಿಯಲ್ಲಿ ಕಾಲಿಟ್ಟು, ತನ್ನ ಪುಟ ತೆಗೆಸಿ ನೋಡಿದ. ತನ್ನ ಉಗುರಿನಲ್ಲೇ ಗೀರಿದ. ನೊಣ ಎದ್ದು ಬಂತು. ನಕ್ಕ ನೋಡು! ಹೊಟ್ಟೆ ಕುಣಿದು ನೀರು ನೆಲಕ್ಕೆಲ್ಲ ಚೆಲ್ಲಿತು. "ನಮ್ಮನೇಲಿ ನೊಣಕ್ಕೂ ಸಂಗೀತ ಬರುತ್ತೆ ಕಣೋ" ಅಂದ.

ನಾನೂ ನಕ್ಕೆ. ಕೈ ತಟ್ಟಿ ನಕ್ಕೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮನವರು, ಹೊಸ ಬಿಸಿನೀರು ಹಿಡಿದುಕೊಂಡು.

ಆಮೇಲೂ ಏಳು ವರ್ಷ ಅಲ್ಲೇ ಕೂತು ನಕಲು ಮಾಡಿದೆ. ಒಂದೇ ಒಂದು ಕೊಳೆ ದಾಟಲಿಲ್ಲ ಅಂತ ಹೇಳಿಕೊಂಡು ತಿರುಗಿದೆ. ಅವನ ಪಾದ, ಅವನ ತೇಗು, ಅವನ ಮೀನು ಅಂತ ಸಿಕ್ಕವರಿಗೆಲ್ಲ ವಾಕರಿಕೆ ತರಿಸಿದೆ. ಅವನ ಮಾತು ಬಂದಾಗಲೆಲ್ಲ ಎದ್ದು ಹೋಗಿ ಕೈ ತೊಳೆದೆ. ನಾರುತ್ತಿದ್ದದ್ದು ಈ ಕೈ. ಅವತ್ತು ಅವನ ಕಾಲು ನೀರಿನಲ್ಲಿತ್ತು, ನನ್ನದು ಒಣಗಿತ್ತು. ಓಡುವ ಕಾಲು ಅದು.

ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಈಗ ನನ್ನದೊಂದು ಮಾತು ನಡೆಸಿಕೊಡು. ಆ ಸ್ವರ ತೆಗೆ. ಕೊಳೆ ಅಂತ ಬರೆದು ತೆಗೆ. ನನ್ನ ಹೆಸರು ಮಾತ್ರ ಎಲ್ಲೂ ಬೇಡ. ಕೈ ಮುಗಿಯುತ್ತೇನೆ, ತಾಯಿ.

ಮಾವ


ನವೆಂಬರ್ ೧೮

ಮಾವನಿಗೆ,

ಪುಸ್ತಕವನ್ನು ಈ ಪತ್ರದ ಜೊತೆಯಲ್ಲೇ ಕಳಿಸಿದ್ದೇನೆ. ಇನ್ನೂರ ಹನ್ನೊಂದನೇ ಪುಟ ನೋಡಿ.

ನಿಮ್ಮ ಆಗಸ್ಟಿನ ಪತ್ರ ತೆಗೆದುಕೊಂಡು ಹೊಲಿಗೆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಿದೆ. ಇಡೀ ಪತ್ರ ಓದಿ ಹೇಳಿದೆ. ಅವರು ಒಂದೇ ಕಡೆ ತಡೆದರು. "ಅವರು ಹೇಳಲಿಲ್ಲ, ನಾನೇ ಅಂದೆ ಅಂತ ಬರೆದಿದ್ದಾನಾ? ಇನ್ನೊಂದು ಸಲ ಓದು." ಓದಿದೆ. ಆಮೇಲೆ ಸ್ವರ ತೆಗೆಯಲೋ ಇಡಲೋ ಅಂತ ಕೇಳಿದೆ.

"ಇರಲಿ ಬಿಡಮ್ಮ. ಜನ ಅಳೋದು ಅಳ್ತಾರೆ. ಯಾತಕ್ಕೆ ಅಂತ ಗೊತ್ತಿದ್ದು ಅಳಲಿ. ಅವನು ಹೆಸರು ಬೇಕು ಅಂದಿದ್ದನಲ್ಲ ಮೊದಲು? ಹಾಕು."

ಮುಖ್ಯಸ್ಥರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಮುನ್ನುಡಿಯಿಂದ ತಂದೆಯ ಬಿಕ್ಕನ್ನು ಹೊಡೆದುಹಾಕಿದರು. ಮೊದಲ ಪುಟದಲ್ಲಿ ನನ್ನ ಹೆಸರಿದೆ.

ಹಬೆಯಾಡುವ ನೀರಿನಲ್ಲಿ ಕೈ ತೊಳೆದುಕೊಳ್ಳಬೇಡಿ ಮಾವ, ಈ ವಯಸ್ಸಿಗೆ ಚರ್ಮ ಬಿರಿಯುತ್ತದೆ.

ಗುಬ್ಬಿ


ನವೆಂಬರ್ ೨೭

ಗುಬ್ಬೀ,

ಪುಸ್ತಕ ಮುಟ್ಟಿತು. ಕಟ್ಟಿದವನು ಕೆಲಸ ಬಲ್ಲವನು, ಬೆನ್ನು ನೆಟ್ಟಗಿದೆ. ಅಕ್ಕನ ಪಟದ ಮುಂದೆ ಮೊದಲ ಪುಟ ತೆರೆದು ಇಟ್ಟೆ.

ಇನ್ನೂರ ಹನ್ನೊಂದನೇ ಪುಟಕ್ಕೆ ಬರಲು ನನಗೆ ಐದು ದಿನ ಹಿಡಿಯಿತು. ಟಿಪ್ಪಣಿ ಓದಿದೆ. "ಈ ಸ್ವರ ಹಸ್ತಪ್ರತಿಯಲ್ಲಿಲ್ಲ. ಅಲ್ಲಿರುವುದು ಸತ್ತ ನೊಣದ ಗುರುತು. ಮಗುವಿಗೆ ಡಾಕ್ಟರನ್ನು ಕರೆತನ್ನಿ ಎಂದು ತಾಯಿ ಬಾಗಿಲಲ್ಲಿ ನಿಂತಿರುವಾಗ, ಏಳದೆ ಪುಟ ಮುಗಿಸಿದ ನಕಲುಗಾರ ಇದನ್ನು ಬರೆದರು." ಕೆಳಗೆ ನನ್ನ ಹೆಸರು. ಪೂರ್ತಿ ಹೆಸರು, ತಂದೆಯ ಹೆಸರೂ ಸೇರಿ. ಅಕ್ಷರ ಸಣ್ಣದೇನಲ್ಲ.

ಒಂದು ತಪ್ಪೂ ಇಲ್ಲ. ಚೆನ್ನಾಗಿ ನಕಲು ಮಾಡಿದ್ದೀಯ.

ಆ ಉದ್ದನೆಯ ಉಗುರನ್ನು ನಾನು ಇವತ್ತಿಗೂ ಕತ್ತರಿಸಿಲ್ಲ, ನೀನು ನೋಡಿದ್ದೀಯ. ಕನ್ನಡಕ ಹಾಕಿಕೊಂಡು, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಹೆಸರಿನ ಮೇಲೆ ಗೀರಿ ನೋಡಿದೆ. ಎರಡು ಸಲ ಗೀರಿದೆ.

ಮಸಿ. ನಿಂತಿತು.

ನಿನ್ನ ಮಾವ,
ನಕಲುಗಾರ